ವಿಚಾರಣೆಯಿಲ್ಲದ ತೀರ್ಪು

(ಶಿಕ್ಷಕರ ಸಮ್ಮೇಳನವೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಆರೋಗ್ಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮ್ಮೇಳನದ ಸಂಚಾಲಕರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ನಾನು ವೈದ್ಯನಲ್ಲ, ವಕೀಲನು. ಯಾರ ನಾಡಿಯನ್ನೂ ಹಿಡಿದು ನೋಡುವ ಅಧಿಕಾರವು ನನಗಿಲ್ಲ. ಆದರೆ ಪುರಾವೆಯಿಲ್ಲದೆ ತೀರ್ಪು ಹೇಳಬಾರದೆಂಬ ಒಂದು ಪಾಠವನ್ನು ನನ್ನ ವೃತ್ತಿಯು ನನಗೆ ಚೆನ್ನಾಗಿ ಕಲಿಸಿದೆ. ಆ ಪಾಠವನ್ನು ನಮ್ಮ ಶರೀರಕ್ಕೆ ಅನ್ವಯಿಸಿ ನೋಡುವದಷ್ಟೇ ನನ್ನ ಇಂದಿನ ಉದ್ದೇಶ.

1919ರಲ್ಲಿ ರೌಲಟ್ ಕಾಯದೆಯು ಬಂದಾಗ ದೇಶಕ್ಕೆ ದೇಶವೇ ಎದ್ದು ನಿಂತದ್ದು ಏತಕ್ಕೆ? ವಿಚಾರಣೆಯಿಲ್ಲದೆ ಮನುಷ್ಯನನ್ನು ಸೆರೆಗೆ ಹಾಕಬಹುದೆಂದು ಅದು ಹೇಳಿತು. ವಾದವಿಲ್ಲ, ವಕೀಲನಿಲ್ಲ, ಅಪೀಲಿಲ್ಲ ಎಂದು ಜನರು ಅದನ್ನು ಹಳಿದರು. ಆ ಕಾಯದೆಯು ಹೋಯಿತು; ಅದನ್ನು ತಂದ ಸರಕಾರವೂ ಹೋಯಿತು. ಆದರೆ ನಮ್ಮ ನಮ್ಮ ಮನೆಗಳೊಳಗೆ ಅಂಥ ಕಾಯದೆಯೊಂದು ಇನ್ನೂ ಜಾರಿಯಲ್ಲಿದೆ ಎಂದರೆ ತಾವು ಆಶ್ಚರ್ಯಪಡಬಾರದು. ಹೊಟ್ಟೆಯಲ್ಲಿ ಉರಿಯೆದ್ದರೆ “ಪಿತ್ತವಾಗಿದೆ” ಎನ್ನುತ್ತೇವೆ. ಮೂತ್ರದಲ್ಲಿ ಉರಿಯೆದ್ದರೆ “ಉಷ್ಣವಾಗಿದೆ” ಎನ್ನುತ್ತೇವೆ. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವಂತಾದರೆ “ವಯಸ್ಸಾಯಿತು” ಎನ್ನುತ್ತೇವೆ. ಸಾಕ್ಷಿಯನ್ನು ಕರೆಯಲಿಲ್ಲ, ಪಾಟೀಸವಾಲು ಮಾಡಲಿಲ್ಲ. ತೀರ್ಪು ಮಾತ್ರ ಹೊರಬಿದ್ದಿತು. ಶಿಕ್ಷೆಯನ್ನು ಅನುಭವಿಸುವವನು ರೋಗಿ.

ಈ ಮೂರು ತೀರ್ಪುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಪಿತ್ತ. ಅತಿಖಾರ, ಅಕಾಲದ ಊಟ, ಮೇಲಿಂದ ಮೇಲೆ ಚಹ, ತಂಬಾಕು ಇವುಗಳಿಂದ ಎದೆಯುರಿ, ಹುಳಿತೇಗು ಹೆಚ್ಚುವದುಂಟು. ಊಟವನ್ನು ಮಿತಗೊಳಿಸಿದರೆ, ಉಂಡೊಡನೆ ಮಲಗದಿದ್ದರೆ ಅನೇಕರಿಗೆ ಅದು ಶಮನವಾಗುವದೂ ಉಂಟು. ಆದರೆ ಎಲ್ಲ ಉರಿಯೂ ಒಂದೇ ಅಲ್ಲ. ಜಠರದ ಹುಣ್ಣಿಗೆ ಚಿಂತೆಯೂ ಆಮ್ಲವೂ ಕಾರಣವೆಂದು ದೊಡ್ಡ ದೊಡ್ಡ ಡಾಕ್ಟರರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬಿಬ್ಬರು ವೈದ್ಯರು ಆ ಹುಣ್ಣಿನ ಹಿಂದೆ ಒಂದು ಸೂಕ್ಷ್ಮಜೀವಿಯಿದೆಯೆಂದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡು, ತಮ್ಮ ಶರೀರವನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. 2005ರಲ್ಲಿ ಆ ಇಬ್ಬರಿಗೂ ನೋಬೆಲ್ ಪಾರಿತೋಷಕವು ದೊರೆಯಿತು. ಜೀವಮಾನವಿಡೀ ಕಾಡುತ್ತಿದ್ದ ಹುಣ್ಣು ಇಂದು ಸುಮಾರು ಎರಡು ವಾರಗಳ ಔಷಧದಿಂದ ಬಹುಜನರಿಗೆ ಗುಣವಾಗುತ್ತದೆ. ಮೈಕೈನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಿಂದಲೂ ಇಂಥ ಹುಣ್ಣಾಗುವದೆಂಬದನ್ನು ಮರೆಯಬಾರದು. ಮಲವು ಡಾಂಬರಿನಂತೆ ಕಪ್ಪಾದರೆ, ಅನ್ನವು ಗಂಟಲಲ್ಲಿ ಸಿಕ್ಕಿದಂತಾದರೆ, ಕಾರಣವಿಲ್ಲದೆ ಮೈ ಇಳಿದರೆ ಮನೆಯ ಕಷಾಯವನ್ನು ಬದಿಗಿಟ್ಟು ದವಾಖಾನೆಗೆ ಹೋಗಬೇಕು.

ಇದೇ ತೀರ್ಪಿನ ಇನ್ನೊಂದು ಘೋರ ರೂಪವುಂಟು. ಈಗ ಪಿತ್ತವೆಂಬ ಮಾತು ಹಿಂದೆ ಸರಿದು “ಗ್ಯಾಸ್ಟ್ರಿಕ್” ಎಂಬ ಮಾತು ಮನೆಮನೆಯ ಮಾತಾಗಿದೆ. ಎದೆಯ ನಡುವೆ ಕಲ್ಲಿಟ್ಟಂತೆ ಒತ್ತಿ, ನೋವು ತೋಳಿಗೋ ದವಡೆಗೋ ಹರಡಿ, ಮೈ ತಣ್ಣಗೆ ಬೆವರಿದಾಗಲೂ “ಗ್ಯಾಸ್ಟ್ರಿಕ್” ಎಂದು ಸೋಡಾ ಕುಡಿಸಿ ಮಲಗಿಸುತ್ತೇವೆ. ಅದು ಹೃದಯಾಘಾತವಾಗಿದ್ದರೆ ಹೋದ ಒಂದೊಂದು ಗಳಿಗೆಯೂ ಹೃದಯದ ಮಾಂಸವನ್ನು ಕೊಲ್ಲುತ್ತಿರುತ್ತದೆ. ಸಿಹಿಮೂತ್ರವುಳ್ಳವರಿಗೆ ಆ ನೋವು ಮಂದವಾಗಿಯೂ ಬರಬಹುದು. ಇಂಥಲ್ಲಿ ವಿಚಾರಣೆಯೆಂದರೆ ಹೃದಯದ ವಿದ್ಯುತ್ ರೇಖೆಯನ್ನು ತೆಗೆಸುವದು. ಅದಕ್ಕೆ ಹಿಡಿಯುವ ವೇಳೆಯು ಕೆಲವೇ ನಿಮಿಷಗಳು.

ಎರಡನೆಯ ತೀರ್ಪು ಉಷ್ಣ. ಇದರ ಮೇಲೆ ನಾನು ತುಸು ಹೆಚ್ಚು ನಿಲ್ಲುತ್ತೇನೆ. ಏಕೆಂದರೆ ಸಭೆಯಲ್ಲಿರುವ ಶಿಕ್ಷಕರಿಗೆ ಇದರಲ್ಲಿ ದೊಡ್ಡ ಕರ್ತವ್ಯವೊಂದಿದೆ.

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಜಮೆ ಮಾಡಿ, ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಕ್ಕೆ ಬಿಡುತ್ತವೆ. ನಾವು ನೀರು ಕಡಿಮೆ ಕುಡಿದರೆ ಅವು ಇನ್ನೂ ಬಿಗಿಹಿಡಿದು ಅರ್ಧ ಲೀಟರಿಗೆ ಇಳಿಸುತ್ತವೆ. ಆಗ ಮೂತ್ರವು ದಟ್ಟವಾಗಿ, ಹಳದಿಯಾಗಿ, ಕೆಲವರಿಗೆ ಉರಿಯುತ್ತದೆ. ಎಳನೀರು, ಬಾರ್ಲಿಯ ಗಂಜಿ, ನೀರು ಮಜ್ಜಿಗೆ ಕುಡಿದರೆ ಶಮನವಾಗುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಅಜ್ಜಿಯಂದಿರ ಮಾತಿನಲ್ಲಿ ಹುರುಳಿದೆ.

ಆದರೆ ಸೋಂಕಿನಿಂದಲೂ ಇದೇ ಉರಿಯೇಳುವದು. ನಮ್ಮ ಕರುಳಿನಲ್ಲಿಯೇ ವಾಸಿಸುವ ಸೂಕ್ಷ್ಮಜೀವಿಯೊಂದು ಮೂತ್ರದ ದಾರಿಯನ್ನು ಹೊಕ್ಕು ಮೂತ್ರಕೋಶದಲ್ಲಿ ಬೆಳೆಯುತ್ತದೆ. ಗಂಡಸರ ಮೂತ್ರನಾಳವು ಸುಮಾರು 20 ಸೆಂಟಿಮೀಟರು ಉದ್ದವಾದರೆ ಹೆಂಗಸರದು ಸುಮಾರು 4 ಮಾತ್ರ. ಆದುದರಿಂದಲೇ ಈ ಬಾಧೆಯು ಸ್ತ್ರೀಯರಲ್ಲಿ ಅಧಿಕ. ಇದರಲ್ಲಿ ನಡತೆಯ ಮಾತೇನೂ ಇಲ್ಲ, ಶರೀರದ ರಚನೆಯ ಮಾತಷ್ಟೇ ಇದೆ. ಮೇಲಿಂದ ಮೇಲೆ ಹೋಗಬೇಕೆನಿಸಿ ಹನಿಹನಿಯಾಗಿ ಬರುವದು, ಮೂತ್ರವು ಕದಡಿ ನಾರುವದು, ಕಿಬ್ಬೊಟ್ಟೆ ನೋಯುವದು ಇದರ ಲಕ್ಷಣಗಳು. ಚಳಿಜ್ವರ ಬಂದು ಬೆನ್ನಿನ ಪಕ್ಕೆ ನೋಯಹತ್ತಿದರೆ ಸೋಂಕು ಮೂತ್ರಪಿಂಡಕ್ಕೆ ಏರಿತೆಂದು ತಿಳಿದು ಅಂದೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಲ್ಲಿ ಉರಿಯಿಲ್ಲದೆಯೂ ಸೋಂಕು ಇರಬಹುದಾದ್ದರಿಂದ ಅವರ ಮೂತ್ರವನ್ನು ಪರೀಕ್ಷಿಸಲೇಬೇಕು. ವೈದ್ಯರು ಐದು ದಿನದ ಗುಳಿಗೆ ಕೊಟ್ಟರೆ ಎರಡು ದಿನದಲ್ಲಿ ಉರಿ ನಿಂತಿತೆಂದು ಬಿಡಬಾರದು. ಉಳಿದ ವೈರಿಯು ಮತ್ತೆ ಬರುವಾಗ ಆ ಔಷಧಕ್ಕೆ ಬಗ್ಗದವನಾಗಿ ಬರಬಹುದು.

ಈಗ ಶಿಕ್ಷಕರನ್ನು ಕೇಳುತ್ತೇನೆ. ತಮ್ಮ ತರಗತಿಯ ಹುಡುಗಿಯರು ಮುಂಜಾನೆಯಿಂದ ಸಂಜೆಯವರೆಗೆ ಎಷ್ಟು ನೀರು ಕುಡಿಯುತ್ತಾರೆಂಬದನ್ನು ತಾವು ಎಂದಾದರೂ ಗಮನಿಸಿದ್ದೀರಾ? ಶೌಚಾಲಯಕ್ಕೆ ಬಾಗಿಲಿಲ್ಲ, ಬಾಗಿಲಿದ್ದರೆ ಅಗಳಿಯಿಲ್ಲ, ಅಗಳಿಯಿದ್ದರೆ ನೀರಿಲ್ಲ, ಎಲ್ಲವೂ ಇದ್ದರೆ ಕೀಲಿಕೈ ಮುಖ್ಯಾಧ್ಯಾಪಕರ ಮೇಜಿನಲ್ಲಿ! ಅಲ್ಲಿಗೆ ಹೋಗಬೇಕಾದೀತೆಂಬ ಭಯದಿಂದ ಮಕ್ಕಳು ನೀರನ್ನೇ ಮುಟ್ಟುವದಿಲ್ಲ. ಹೋಗಬೇಕೆನಿಸಿದಾಗಲೂ ಎದ್ದು ನಿಂತು ಕೇಳಲು ನಾಚಿ ತಡೆದುಕೊಂಡು ಕೂಡುತ್ತಾರೆ. ನೀರು ಕುಡಿಯದಿರುವದು, ಬಂದ ಮೂತ್ರವನ್ನು ತಡೆಯುವದು, ಇವೆರಡೂ ಸೋಂಕಿಗೆ ಅನುಕೂಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯದೆಯ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಯಲ್ಲಿಯೂ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಶೌಚಾಲಯಗಳಿರಬೇಕು, ಎಲ್ಲ ಮಕ್ಕಳಿಗೂ ಸಾಕಷ್ಟು ಶುದ್ಧವಾದ ಕುಡಿಯುವ ನೀರಿರಬೇಕು ಎಂದು ಬರೆದಿದೆ. ಇದು ಯಾರೊಬ್ಬರ ಅನುಗ್ರಹವಲ್ಲ, ಹಕ್ಕು. ಹಕ್ಕನ್ನು ಕೇಳಿ ಪಡೆಯುವ ವಿದ್ಯೆಯನ್ನು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ.

ಉರಿಯ ಹಿಂದೆ ಅಡಗಿರುವ ಇನ್ನೊಬ್ಬ ಆರೋಪಿಯು ಹರಳು. 1930ರ ಏಪ್ರಿಲ್ ತಿಂಗಳಲ್ಲಿ ಉಪ್ಪಿನ ಕಾಯದೆಯನ್ನು ಮುರಿದ ಅಂಕೋಲೆಯ ಹೆಸರು ಕನ್ನಡಿಗರ ಬಾಯಲ್ಲಿದೆ. ಅಲ್ಲಿಂದ ದೂರವಲ್ಲದ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಹೇಗೆ ಆಗುತ್ತದೆ? ಸಮುದ್ರದ ನೀರನ್ನು ಪಾತಿಯಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ. ಕರಗಿದ್ದ ಉಪ್ಪು ಇನ್ನು ಕರಗಿರಲಾರದೆ ಹರಳುಗಟ್ಟುತ್ತದೆ. ಮೂತ್ರಪಿಂಡದ ಹರಳೂ ಇದೇ ನ್ಯಾಯದಿಂದ ಹುಟ್ಟುವದು. ನೀರು ಕಡಿಮೆಯಾಗಿ ಮೂತ್ರವು ದಟ್ಟವಾದಾಗ ಸುಣ್ಣದ ಅಂಶವೂ ಆಕ್ಸಾಲಿಕ್ ಆಮ್ಲದ ಅಂಶವೂ ಕೂಡಿ ಹರಳಾಗುತ್ತವೆ. ಬಹುಪಾಲು ಹರಳುಗಳು ಈ ಜಾತಿಯವು. ಕಲಬುರಗಿ, ರಾಯಚೂರು, ವಿಜಯಪುರಗಳ ಬಿಸಿಲಿನಲ್ಲಿ ದುಡಿದು ಬೆವರು ಹರಿಸುವ ರೈತನೂ, ನಡುವೆ ಏಳಲಾಗದೆ ನೀರು ಕುಡಿಯದ ಬಸ್ಸಿನ ಕಂಡಕ್ಟರನೂ, ತರಗತಿಯ ಶಿಕ್ಷಕನೂ, ಕೋರ್ಟಿನ ವಕೀಲನೂ ಈ ಆಗರಕ್ಕೆ ಪಾತಿಯಾಗುತ್ತಾರೆ.

ಹರಳಿನ ವಿಷಯವಾಗಿ ನಮ್ಮಲ್ಲಿ ತಪ್ಪು ತಿಳುವಳಿಕೆಗಳು ಬಹಳ. ಹಾಲು ಮೊಸರು ಬಿಟ್ಟರೆ ಹರಳಾಗದೆಂದು ಕೆಲವರು ನಂಬುತ್ತಾರೆ. ಸಂಗತಿಯು ತಿರುಗಮುರುಗವಾಗಿದೆ: ಊಟದೊಡನೆ ಬಂದ ಸುಣ್ಣಾಂಶವು ಆಕ್ಸಾಲಿಕ್ ಆಮ್ಲವನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ಹೊರಗೆ ಸಾಗಿಸುತ್ತದೆ. ಆದುದರಿಂದ ಮಿತವಾದ ಹಾಲು ಮಜ್ಜಿಗೆಯನ್ನು ಬಿಡಬೇಕಾಗಿಲ್ಲ. ಕಡಿಮೆ ಮಾಡಬೇಕಾದದ್ದು ಉಪ್ಪನ್ನು. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಸುಣ್ಣವು ಹೆಚ್ಚುತ್ತದೆ. ಒಬ್ಬನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹದ ಚಮಚದಷ್ಟರೊಳಗೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವದೂ ಆ ಲೆಕ್ಕದಲ್ಲಿಯೇ ಸೇರಬೇಕು. ಉಪ್ಪಿಗಾಗಿ ಸೆರೆಮನೆ ಕಂಡವರ ನಾಡಿನಲ್ಲಿ ಉಪ್ಪನ್ನು ಅಳೆದು ತಿನ್ನಿರೆಂದು ಹೇಳುವದು ವಿಚಿತ್ರವಾಗಿ ತೋರಬಹುದು. ಆದರೆ ಪಡೆದ ಹಕ್ಕನ್ನು ಮಿತವಾಗಿ ಬಳಸುವದೂ ಸ್ವರಾಜ್ಯವೇ ಅಲ್ಲವೇ?

ಇನ್ನು ಬಾಳೆದಿಂಡಿನ ಪಲ್ಯ, ಅದರ ರಸ. ತಿನ್ನುವವರು ತಿನ್ನಲಿ, ಆದರೆ ಅದನ್ನೇ ನಂಬಿ ಕೂಡಬಾರದು. 5 ಮಿಲಿಮೀಟರಿಗಿಂತ ಸಣ್ಣ ಹರಳುಗಳು ಬಹುಮಟ್ಟಿಗೆ ತಾವಾಗಿಯೇ ಇಳಿದುಹೋಗುತ್ತವೆ. ಆ ಕೀರ್ತಿಯು ಆ ದಿನ ಕುಡಿದ ರಸಕ್ಕೆ ಸಲ್ಲುತ್ತದೆ. ದೊಡ್ಡ ಹರಳು ನಾಳದಲ್ಲಿ ಸಿಕ್ಕಿಬಿದ್ದರೆ ಮೊದಲು ಅಸಹ್ಯವಾದ ನೋವು ಬಂದು, ಬಳಿಕ ನೋವು ನಿಂತರೂ ಅಡಚಣೆಯು ನಿಲ್ಲದೆ, ಮೂತ್ರಪಿಂಡವು ಸದ್ದಿಲ್ಲದೆ ಕೆಡಬಹುದು. ಆಗ ನಿಜವನ್ನು ಹೇಳುವ ಸಾಕ್ಷಿಯು ಧ್ವನಿತರಂಗದಂಥ ಪರೀಕ್ಷೆ. ಹರಳನ್ನು ತೆಗೆಯಲು ಎಲ್ಲರ ಹೊಟ್ಟೆಯನ್ನೂ ಕೊಯ್ಯಬೇಕಾದ ಕಾಲವು ಹೋಯಿತು. 1980ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಹೊರಗಿನಿಂದ ಆಘಾತತರಂಗಗಳನ್ನು ಬಿಟ್ಟು ಹರಳನ್ನು ಒಡೆಯುವ ಚಿಕಿತ್ಸೆಯು ಮೊದಲಾಯಿತು. ಎಲ್ಲಕ್ಕೂ ಮೊದಲಿನ ಔಷಧವು ನೀರು. ಮೂತ್ರವು ತಿಳಿಯಾದ ಹುಲ್ಲಿನ ಬಣ್ಣದ್ದಾಗಿರುವಷ್ಟು ನೀರನ್ನು ದಿನವಿಡೀ ಕುಡಿಯಬೇಕು. ಹೃದಯವೋ ಮೂತ್ರಪಿಂಡವೋ ದುರ್ಬಲವಾಗಿರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಮೂರನೆಯ ತೀರ್ಪು ವಯಸ್ಸು. ಇಲ್ಲಿ ನನಗೆ ಅಕ್ಷರ ಕಲಿಸಿದ ಗುರುಗಳೊಬ್ಬರ ಸಂಗತಿಯನ್ನು ಹೇಳುತ್ತೇನೆ. ಐವತ್ತು ದಾಟಿದ ಮೇಲೆ ಅವರಿಗೆ ಬಾಯಾರಿಕೆ ಹೆಚ್ಚಿತು, ರಾತ್ರಿ ನಾಲ್ಕೈದು ಸಲ ಏಳಹತ್ತಿದರು, ಮೈ ಇಳಿಯಿತು. ಮನೆಯವರು ವಯಸ್ಸು ಎಂದರು, ನೆರೆಯವರು ಮಗಳ ಮದುವೆಯ ಚಿಂತೆ ಎಂದರು. ಒಂದು ದಿನ ಅಂಗಾಲಿಗೆ ಮುಳ್ಳು ನೆಟ್ಟಿತು. ಅವರಿಗೆ ತಿಳಿಯಲೇ ಇಲ್ಲ. ಹುಣ್ಣಾದ ಮೇಲೆ ಅರಿಸಿನ ಎಣ್ಣೆ ಹಚ್ಚುತ್ತ ಎರಡು ತಿಂಗಳು ಕಳೆದರು. ದವಾಖಾನೆಗೆ ಒಯ್ದಾಗ ರಕ್ತದಲ್ಲಿ ಸಕ್ಕರೆಯು ಮಿತಿಮೀರಿತ್ತು; ಕಾಲನ್ನು ಮೊಳಕಾಲಿನ ಕೆಳಗೆ ತೆಗೆಯಬೇಕಾಯಿತು. ನೋಡಲು ಹೋದಾಗ ನನ್ನ ಕೈ ಹಿಡಿದು ಅವರು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಬಚ್ಚಲದಾಗ ಇರುವಿ ಮುತ್ತಿದ್ದನ್ನ ನಾನು ನೋಡಿದ್ದೆ, ತಮ್ಮಾ. ಹ್ಯಾಂಗ ಹೇಳೂದಂತ ಸುಮ್ಮನಾದೆ.”

ಮಹನೀಯರೇ, ಸಾಕ್ಷಿಯು ಬಂದಿತ್ತು, ಕೇಳುವವರಿರಲಿಲ್ಲ. ಮೂತ್ರಕ್ಕೆ ಇರುವೆ ಮುತ್ತುವದನ್ನು ಗಮನಿಸಿ ಈ ರೋಗವನ್ನು ಗುರುತಿಸಿದವರು ನಮ್ಮ ದೇಶದ ಪ್ರಾಚೀನ ವೈದ್ಯರು. ಪ್ರಮೇಹಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಕೃಶನಾದ ರೋಗಿಯೇ ಬೇರೆ, ಸ್ಥೂಲನಾದ ರೋಗಿಯೇ ಬೇರೆ ಎಂದು ಅವರು ಕಂಡುಕೊಂಡಿದ್ದರು. ಪಿತ್ತ, ಉಷ್ಣಗಳೆಂಬ ಅವರ ಮಾತುಗಳನ್ನು ನಾವು ಉಳಿಸಿಕೊಂಡೆವು. ಅವರ ವಿಚಾರಣೆಯನ್ನು ಮಾತ್ರ ಕಳೆದುಕೊಂಡೆವು.

ಆದರೆ ಇರುವೆಯು ತಡವಾಗಿ ಬರುವ ಸಾಕ್ಷಿ. ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ; ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಎಂಬ ರಸವು ಅದನ್ನು ಅಂಗಾಂಗಗಳೊಳಗೆ ಬಿಡುತ್ತದೆ. ಆ ರಸವು ಕಡಿಮೆಯಾದರೆ, ಇಲ್ಲವೆ ಅದರ ಮಾತನ್ನು ಶರೀರವು ಕೇಳದಾದರೆ, ಸಕ್ಕರೆಯು ರಕ್ತದಲ್ಲಿಯೇ ನಿಲ್ಲುತ್ತದೆ. ಅದು 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ಮೀರಿದ ಮೇಲೆಯೇ ಮೂತ್ರಪಿಂಡವು ತಡೆಯಲಾರದೆ ಮೂತ್ರಕ್ಕೆ ಚೆಲ್ಲುವದು. ಇರುವೆ ಬರುವ ಮುಂಚೆ ವರ್ಷಗಟ್ಟಲೆ ರೋಗವು ಸದ್ದಿಲ್ಲದೆ ಇರಬಲ್ಲದು. ಆದುದರಿಂದ ಕೇಳಬೇಕಾದದ್ದು ರಕ್ತದ ಸಾಕ್ಷಿಯನ್ನು. ಬರಿಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆಯಿದ್ದರೆ ಸರಿ. 100ರಿಂದ 125 ಎಚ್ಚರಿಕೆಯ ನೋಟೀಸು. 126 ಅಥವಾ ಹೆಚ್ಚು ಎಂದು ಎರಡು ಸಲ ಕಂಡರೆ ಸಿಹಿಮೂತ್ರವೇ ಸರಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಇನ್ನೊಂದು ರಕ್ತಪರೀಕ್ಷೆಯಲ್ಲಿ ಶೇಕಡಾ 6.5 ಎಂಬದು ಗಡಿ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಈ ರೋಗವಿದೆ. 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿರುವವರಲ್ಲಿ ಅನೇಕರು ನಡಿಗೆಯಿಂದಲೂ ಮಿತಾಹಾರದಿಂದಲೂ ತೂಕವನ್ನಿಳಿಸಿಕೊಂಡು ಹಿಂದಿರುಗಬಲ್ಲರು. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಸಾಕೆಂಬದು ಭ್ರಾಂತಿ, ಬೆಲ್ಲವೂ ಸಕ್ಕರೆಯೇ. ಅನ್ನ ಬಿಟ್ಟು ರಾಗಿಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ಬೇಕಾದಷ್ಟು ತಿನ್ನಬಹುದೆಂಬದೂ ಭ್ರಾಂತಿ. ಅವುಗಳಲ್ಲಿಯೂ ಪಿಷ್ಟವೇ ಹೆಚ್ಚು. ತಟ್ಟೆಯಲ್ಲಿ ಪಲ್ಯ, ಬೇಳೆ, ಕಾಳು ಹೆಚ್ಚಲಿ, ಮುದ್ದೆಯು ಚಿಕ್ಕದಾಗಲಿ.

1921ಕ್ಕೆ ಮೊದಲು ಈ ರೋಗವು ಮಕ್ಕಳಿಗೆ ಬಂದರೆ ಅದು ಮರಣದಂಡನೆಯೇ ಆಗಿತ್ತು. ಆ ವರ್ಷ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಅದನ್ನು ಚುಚ್ಚಲಾಯಿತು. ಅದರ ಪೇಟೆಂಟಿನ ಹಕ್ಕನ್ನು ಅವರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಇಂದು ಈ ರೋಗದಿಂದ ಕಣ್ಣು, ಕಾಲು, ಮೂತ್ರಪಿಂಡಗಳು ಹೋಗುತ್ತಿದ್ದರೆ ಅದಕ್ಕೆ ಔಷಧದ ಅಭಾವಕ್ಕಿಂತ ವಿಳಂಬವೇ ಹೆಚ್ಚಾಗಿ ಕಾರಣ. ಮುದ್ದತ್ತು ಮೀರಿದ ದಾವೆಯನ್ನು ಎಂಥ ವಕೀಲನೂ ಗೆಲ್ಲಿಸಲಾರನು. ಮುದ್ದತ್ತು ಮೀರಿದ ರೋಗವನ್ನು ಎಂಥ ವೈದ್ಯನೂ ಪೂರ್ತಿಯಾಗಿ ಗೆಲ್ಲಲಾರನು. ರಾತ್ರಿ ಏಳುವದಕ್ಕೆ ಸಿಹಿಮೂತ್ರವು ಕಾರಣವಲ್ಲದಿದ್ದರೆ, ವೃದ್ಧರಾದ ಗಂಡಸರಲ್ಲಿ ಮೂತ್ರಕೋಶದ ಬುಡದ ಗ್ರಂಥಿಯು ಬೆಳೆದಿರಬಹುದು, ಅದಕ್ಕೂ ಚಿಕಿತ್ಸೆಯುಂಟು. ಹೆರಿಗೆಯಾದ ತಾಯಂದಿರಿಗೆ ಕೆಮ್ಮಿದಾಗ ಮೂತ್ರವು ಜಾರಿದರೆ ಅದಕ್ಕೂ ವ್ಯಾಯಾಮವುಂಟು. ವಯಸ್ಸು ಅಪರಾಧವಲ್ಲ; ಪ್ರತಿಯೊಂದು ಅಪರಾಧವನ್ನೂ ಅದರ ತಲೆಗೆ ಕಟ್ಟುವದು ಅನ್ಯಾಯ.

ಈ ಎಲ್ಲ ತೀರ್ಪುಗಳ ಹಿಂದೆ ನಿಂತಿರುವದು ನಮ್ಮ ಸಂಕೋಚವು. ಸಂಕೋಚಕ್ಕೆ ಒಂದು ಕಾರಣವು ಮಾತಿನ ಅಭಾವ. ಮೂತ್ರ, ಮಲ ಎಂಬ ಮಾತುಗಳನ್ನು ಸಭ್ಯರ ಮುಂದೆ ಆಡಬಾರದೆಂದು ತಿಳಿದಿದ್ದೇವೆ. ಇಂಗ್ಲಿಷಿನಲ್ಲಿ ಆಡಿದರೆ ಮಾತ್ರ ಮೈಲಿಗೆಯಿಲ್ಲ! ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ದನಗಳ ರೋಗಗಳನ್ನು ಕುರಿತು “ಗೋವೈದ್ಯ”ವನ್ನು ಕನ್ನಡದಲ್ಲಿ ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು “ಕರ್ಣಾಟಕ ಕಲ್ಯಾಣಕಾರಕ”ವನ್ನು ರಚಿಸಿದನು. ವೈದ್ಯವನ್ನು ಹೇಳುವ ಶಕ್ತಿಯು ಕನ್ನಡಕ್ಕೆ ಇಂದು ನಿನ್ನೆಯದಲ್ಲ. ಮೈಸೂರಿನವರು ಕಾಯಿಲೆಯೆನ್ನಲಿ, ಧಾರವಾಡದವರು ಬೇನೆಯೆನ್ನಲಿ, ಕರಾವಳಿಯವರು ಸೀಕು ಎನ್ನಲಿ. 1956ರ ನವೆಂಬರ್ 1ರಂದು ಒಂದಾದ ನಾಡಿನಲ್ಲಿ ರೋಗಿಯು ತನ್ನ ಸಂಕಟವನ್ನು ತನ್ನ ಮಾತಿನಲ್ಲಿ ತಲೆಯೆತ್ತಿ ಹೇಳುವಂತಾಗಬೇಕು, ವೈದ್ಯನು ಅದೇ ಮಾತಿನಲ್ಲಿ ಉತ್ತರ ಕೊಡುವಂತಾಗಬೇಕು. ಇಲ್ಲದಿದ್ದರೆ ಏಕೀಕರಣವು ನಕಾಶೆಯಲ್ಲಿ ಮಾತ್ರ ಉಳಿದೀತು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಶಾಲೆಯಲ್ಲಿ ದಿನಕ್ಕೆ ಮೂರು ಸಲ ನೀರಿನ ಗಂಟೆಯನ್ನು ಬಾರಿಸಿರಿ. ಆ ಗಂಟೆಗೆ ತಾವೂ ಮಕ್ಕಳೊಡನೆ ನೀರು ಕುಡಿಯಿರಿ. ಹೊರಗೆ ಹೋಗಬೇಕೆಂದ ಮಗುವನ್ನು “ಆಮೇಲೆ” ಎಂದು ಕೂಡಿಸಬೇಡಿರಿ. ಶೌಚಾಲಯದ ಕೀಲಿಕೈಯನ್ನು ಮೇಜಿನಿಂದ ಹೊರಗೆ ತೆಗೆಯಿರಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದ ಸಕ್ಕರೆಯನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿರಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಮನೆಯಲ್ಲಿ ಯಾರಾದರೂ ತಗ್ಗಿದ ದನಿಯಲ್ಲಿ ತಮ್ಮ ಬಾಧೆಯನ್ನು ಹೇಳಿಕೊಂಡಾಗ ಕೂಡಲೆ ತೀರ್ಪು ಕೊಡದೆ, “ಎಂದಿನಿಂದ? ಹೇಗೆ? ಎಷ್ಟು ಸಲ?” ಎಂದು ಕೇಳಿರಿ. ನನ್ನ ಗುರುಗಳಿಗೆ ಆ ಮೂರು ಪ್ರಶ್ನೆಗಳನ್ನು ಯಾರಾದರೂ ಸಕಾಲದಲ್ಲಿ ಕೇಳಿದ್ದರೆ ಅವರು ಇಂದು ತಮ್ಮ ಎರಡೂ ಕಾಲುಗಳ ಮೇಲೆ ನಡೆದು ಈ ಸಭೆಗೆ ಬರುತ್ತಿದ್ದರು. ಕೇಳಬೇಕಾದವರಲ್ಲಿ ನಾನೂ ಒಬ್ಬನಾಗಿದ್ದೆನು.



ಸಿರಿಗನ್ನಡಂ ಗೆಲ್ಗೆ.